ಎಂಟುನೂರು ಇಂಟು ಆರುನೂರು

ಕಳೆದ ವಾರ ಪುಣೆಯಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನವರ ಬೆಂಬಲ ನಿಂತುಹೋದ ಮೇಲೆ ಅವಳ ಮನೆಗೆ ಹೊಸ ಕಂಪ್ಯೂಟರ್ ಬಂದಿದೆ. ಅದರ ಜೊತೆಗೆ 27 ಇಂಚಿನ ದೊಡ್ಡ ಮಾನಿಟರೂ ಬಂದಿದೆ. "ಸಾರ್, ಅಕ್ಷರಗಳು ಇರುವೆ ಸಾಲಿನ ಹಾಗೆ ಕಾಣುತ್ತಿದ್ದವು. ರೆಸಲ್ಯೂಷನ್ ಕಡಿಮೆ ಮಾಡಿಕೊಂಡೆ. ಈಗ ದೊಡ್ಡದಾಗಿ ಕಾಣುತ್ತವೆ, ಆದರೆ ಯಾಕೋ ಎಲ್ಲ ಮಸುಕು. ನನ್ನ ಕನ್ನಡಕವನ್ನೇ ಬದಲಿಸಬೇಕೇನೋ" ಎಂದಳು. ನನಗೆ ಮೊದಲು ನಗು ಬಂದಿತು, ಅನಂತರ ಎದೆ ಝಲ್ಲೆಂದಿತು. ಹದಿನೈದು ವರ್ಷಗಳ ಹಿಂದೆ ನಾನೂ ಇದೇ ಮಾತನ್ನಾಡಿ, ಕನ್ನಡಕವನ್ನೂ ಬದಲಿಸಿ, ಅಷ್ಟರೊಳಗೆ ಒಬ್ಬ ದೊಡ್ಡ ಮನುಷ್ಯರ ಹೆಸರನ್ನು ಕೆಡಿಸಿ ಕುಳಿತಿದ್ದೆ. ಈ ವೃತ್ತಾಂತವನ್ನು ಇದುವರೆಗೂ ಇಲ್ಲಿ ಬರೆದಿರಲಿಲ್ಲ. ಬರೆಯಲು ನಾಚಿಕೆಯಾಗುತ್ತಿತ್ತು.

ನಾನು ನಿವೃತ್ತನಾದದ್ದು 2002ರಲ್ಲಿ. ಮರುವರ್ಷ ಬೆಂಗಳೂರಿನ ಮಗ ಒಂದು ಡೆಸ್ಕ್‌ಟಾಪ್ ಕಂಪ್ಯೂಟರನ್ನು ಕಾರಿನ ಹಿಂಬದಿಯ ಸೀಟಿನಲ್ಲಿ ಹೇರಿಕೊಂಡು ನಲ್ಲೂರಿಗೆ ತಂದ. ವಿಂಡೋಸ್ ಎಕ್ಸ್‌ಪಿ ಹಾಕಿದ್ದ ಪೆಂಟಿಯಂ 4 ಪೆಟ್ಟಿಗೆ, ಮತ್ತು ಹಿಂಭಾಗ ಒಂದು ಮೊಳದಷ್ಟು ಚಾಚಿಕೊಂಡಿದ್ದ 15 ಇಂಚಿನ ಮಾನಿಟರ್. ಅದನ್ನು ಕಾರಿನಿಂದ ಇಳಿಸುವಾಗ ಪಕ್ಕದ ತೋಟದ ಆಳು, "ಇದೇನ್ ಮೇಷ್ಟ್ರೇ, ಅಡಿಕೆ ಚೀಲಕ್ಕಿಂತ ಭಾರ ಐತೆ" ಎಂದಿದ್ದ. 'ಬರಹ' ತಂತ್ರಾಂಶ 1998ರಲ್ಲಿಯೇ ಬಂದಿತ್ತು; ಮಗ ಅದನ್ನೂ, ಕನ್ನಡ ಗಣಕ ಪರಿಷತ್ತಿನ 'ನುಡಿ'ಯನ್ನೂ ಹಾಕಿಕೊಟ್ಟು ಹೋದ. ಅರವತ್ತು ದಾಟುವ ವಯಸ್ಸಿನಲ್ಲಿ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಬಾಯಿಪಾಠ ಮಾಡಿದೆ. ಇಂಗ್ಲಿಷಿನ ಬಿ ಒತ್ತಿದರೆ ಬ, ಶಿಫ್ಟ್ ಹಿಡಿದು ಬಿ ಒತ್ತಿದರೆ ಭ; ಡಿ ಒತ್ತಿದರೆ ದ, ಶಿಫ್ಟ್ ಹಿಡಿದರೆ ಧ. ವ್ಯಾಕರಣ ಬಲ್ಲವನಿಗೆ ಮೆಚ್ಚುಗೆಯಾಗುವ ವ್ಯವಸ್ಥೆ. ಅಲ್ಪಪ್ರಾಣಕ್ಕೆ ಒಂದು ಬೆರಳು ಸಾಕು, ಮಹಾಪ್ರಾಣಕ್ಕೆ ಎರಡು ಬೆರಳು ಬೇಕು. ಈ ಶಿಫ್ಟ್ ಕೀಲಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಆ ಮಾನಿಟರಿನ ತೆರೆಯ ಅಳತೆಯನ್ನು ಮಗ 800 ಇಂಟು 600 ಎಂದು ಇಟ್ಟಿದ್ದ. ಎಂದರೆ ಅಡ್ಡಕ್ಕೆ 800 ಚುಕ್ಕೆ, ಉದ್ದಕ್ಕೆ 600 ಚುಕ್ಕೆ. ಅಂಚು ಕಪ್ಪಾಗಿ ಚಿತ್ರ ಕುಗ್ಗಿದರೆ ಕೆಳಗಿನ ಗುಂಡಿಗಳನ್ನು ಒತ್ತಿ ಹಿಗ್ಗಿಸಬಹುದಾಗಿತ್ತು. ನಮ್ಮ ಊರಿನವರಿಗೆ ಚಿತ್ರ ಕುಗ್ಗುವುದು ಹೊಸತೇನಲ್ಲ. ಬೇಸಿಗೆಯಲ್ಲಿ ತೋಟಗಳ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡಿದಾಗ ವೋಲ್ಟೇಜ್ ಕುಸಿದು, ಹಳೆಯ ಕಪ್ಪುಬಿಳುಪು ಟಿ.ವಿ.ಯ ಚಿತ್ರ ನಾಲ್ಕೂ ಕಡೆಯಿಂದ ಒಳಕ್ಕೆ ಸರಿಯುತ್ತಿದ್ದುದನ್ನು ನಾವೆಲ್ಲ ಕಂಡವರೇ. ಆದ್ದರಿಂದ ತೆರೆಯ ಮೇಲೆ ಏನು ಕೆಟ್ಟರೂ ಕರೆಂಟಿನ ದೋಷವೆಂದು ಹೇಳಿ ಸುಮ್ಮನಾಗುವ ಅಭ್ಯಾಸ ನನಗೂ ಇದ್ದಿತು. ಏಳು ವರ್ಷ ಆ ಮಾನಿಟರ್ ನನಗೆ ಯಾವ ತೊಂದರೆಯನ್ನೂ ಕೊಡಲಿಲ್ಲ. ನಿಮ್ಮಲ್ಲಿ ಅನೇಕರಿಗೆ ಬರೆದ ಪತ್ರಗಳನ್ನು ಬೆರಳಚ್ಚು ಮಾಡಿದ್ದು ಅದರ ಮುಂದೆಯೇ.

2010ರ ಮಳೆಗಾಲದಲ್ಲಿ ಒಂದು ಸಂಜೆ ಸಿಡಿಲು ಬಡಿದು ಅದು ಕಣ್ಣು ಮುಚ್ಚಿತು. ಪೆಟ್ಟಿಗೆ ಮಾತ್ರ ಹೇಗೋ ಉಳಿಯಿತು. ಪೇಟೆಯ ಅಂಗಡಿಯೊಂದರಿಂದ 18.5 ಇಂಚಿನ ಚಪ್ಪಟೆ ಮಾನಿಟರ್ ತಂದೆ. ಜೋಡಿಸಲು ಬಂದ ಹುಡುಗ ತಿಳಿದವನೇ. "ಸಾರ್, ಇದರ ಅಳತೆ ಏರಿಸಬೇಕು" ಎಂದು ಏನೋ ಎಳೆದ, ಅಕ್ಷರಗಳು ಸಾಸಿವೆಯಂತಾದವು. ನಾನು, "ಬೇಡಪ್ಪ, ನನಗೆ ಮೊದಲಿದ್ದ 800 ಇಂಟು 600 ಅಭ್ಯಾಸವಾಗಿದೆ, ಹಾಗೆಯೇ ಬಿಡು" ಎಂದೆ. ಗುರುಗಳ ಮಾತನ್ನು ಮೀರಬಾರದೆಂದು ಅವನು ಬಿಟ್ಟು ಹೋದ. ಅಲ್ಲಿಗೆ ಆದ ತಪ್ಪು ನನ್ನದೇ.

ಕೆಲವು ದಿನಗಳಲ್ಲಿಯೇ ಮಗ ಕಳಿಸಿದ ಫೋಟೋಗಳನ್ನು ತೆರೆದು ನೋಡಿದಾಗ ಮೊಮ್ಮಗ ವಿಪರೀತ ದಪ್ಪಗಾಗಿ ಕಂಡ. ಫೋನ್ ಮಾಡಿ, "ಮಗುವಿಗೆ ಬೇಕರಿ ತಿಂಡಿ ಕೊಡಬೇಡಿರಪ್ಪಾ, ಈ ವಯಸ್ಸಿಗೇ ಇಷ್ಟು ಊದಿಕೊಂಡರೆ ಹೇಗೆ?" ಎಂದು ಉಪದೇಶ ಮಾಡಿದೆ. ಸೊಸೆಗೆ ಬೇಸರವಾಗಿರಬೇಕು. ಎರಡು ದಿನ ಬಿಟ್ಟು ನೋಡಿದರೆ ಫೋಟೋದಲ್ಲಿ ಸೊಸೆಯೂ ದಪ್ಪ, ಮಗನೂ ದಪ್ಪ, ಹಿಂದೆ ನಿಂತಿದ್ದ ಗೋಪುರವೂ ದಪ್ಪ! ಆಗಲೂ ನನಗೆ ಬುದ್ಧಿ ಹೊಳೆಯಲಿಲ್ಲ. ಅಕ್ಷರಗಳು ಮಾತ್ರ ಒದ್ದೆ ಹಾಳೆಯ ಮೇಲೆ ಶಾಯಿಯಲ್ಲಿ ಬರೆದಂತೆ ಅಂಚು ಹರಡಿಕೊಂಡಿರುತ್ತಿದ್ದವು. ಕನ್ನಡಕ ತೆಗೆದು ಒರೆಸುತ್ತಿದ್ದೆ. ಮತ್ತೆ ಹಾಕಿಕೊಳ್ಳುತ್ತಿದ್ದೆ.

ಇದೇ ಹೊತ್ತಿನಲ್ಲಿ ನಾನು ಬಹುಕಾಲ ಕೆಲಸ ಮಾಡಿದ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯ ಕೆಲಸ ಬಂದಿತು. ಕರಡು ತಿದ್ದುವ ಹೊಣೆ ನನ್ನದು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕೆಂಪು ಪೆನ್ನು ಹಿಡಿದವನಿಗೆ ಬೇರೇನು ಕೊಡುತ್ತಾರೆ? ಹಳೆಯ ವಿದ್ಯಾರ್ಥಿಗಳೊಬ್ಬರು ನುಡಿಯಲ್ಲಿ ಅಚ್ಚು ಜೋಡಿಸಿದ ಪುಟಗಳನ್ನೆಲ್ಲ ಪೆನ್‌ಡ್ರೈವಿನಲ್ಲಿ ತಂದುಕೊಟ್ಟು, "ಸಾರ್, ಮುದ್ರಿಸಿಯೇ ತರಲೋ?" ಎಂದು ಕೇಳಿದರು. ನಾನು ಜಂಬದಿಂದ, "ಕಾಗದ ಯಾಕೆ ದಂಡ, ನಾನು ತೆರೆಯ ಮೇಲೆಯೇ ತಿದ್ದುತ್ತೇನೆ" ಎಂದೆ. ನೂರಕ್ಕೂ ಹೆಚ್ಚು ಪುಟಗಳು. ಎಂಟು ರಾತ್ರಿ ಕುಳಿತು ತಿದ್ದಿ ಕೊಟ್ಟೆ.

ಆ ಸಂಚಿಕೆಯಲ್ಲಿ ಒಂದು ಪುಟ ನಮ್ಮ ದಿವಂಗತ ಮುಖ್ಯೋಪಾಧ್ಯಾಯರಿಗೆ ಮೀಸಲಾಗಿತ್ತು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತೇ ಇದೆ. ಮೊದಲ ಅಕ್ಷರ ಭಕಾರ. ಯಾರಾದರೂ ರಜಾ ಚೀಟಿಯಲ್ಲಿ ಅದನ್ನು ಬಕಾರವಾಗಿ ಬರೆದು ತಂದರೆ ಅವರು ಹುಡುಗನನ್ನು ಎದುರಿಗೆ ನಿಲ್ಲಿಸಿಕೊಂಡು, "ಏನಯ್ಯಾ, ನನ್ನ ಮಹಾಪ್ರಾಣ ತೆಗೆದುಬಿಟ್ಟೆಯಲ್ಲ! ನಾನಿನ್ನೂ ಬದುಕಿದ್ದೇನೆ ಕಣೋ" ಎನ್ನುತ್ತಿದ್ದರು. ಇಡೀ ಕಚೇರಿ ನಗುತ್ತಿತ್ತು. ನಾನು ಹೊಸದಾಗಿ ಸೇರಿದಾಗ ನನ್ನ ಹಾಜರಿ ಪುಸ್ತಕದಲ್ಲಿಯೂ ಒಂದು ಕಡೆ ಅದೇ ಮಾತನ್ನು ಕೆಂಪು ಶಾಯಿಯಲ್ಲಿ ಬರೆದಿದ್ದರು. ಅದನ್ನು ಕಂಡ ದಿನದಿಂದ ನಾನು ಮಹಾಪ್ರಾಣದ ಸೀಳು ಬಿಟ್ಟ ಒಂದು ಉತ್ತರ ಪತ್ರಿಕೆಯನ್ನೂ ಸುಮ್ಮನೆ ಬಿಟ್ಟವನಲ್ಲ. ನಿಮ್ಮ ಕಿವಿಗಳಿಗೆ ಅದರ ನೆನಪು ಇರಬಹುದು.

ಬಿಡುಗಡೆಯ ದಿನ ಸಂಚಿಕೆಯ ಮೊದಲ ಪ್ರತಿಗಳನ್ನು ವೇದಿಕೆಯ ಮೇಲೆ ಹಂಚಿದರು. ಆ ಪುಟವನ್ನು ತೆರೆದೆ. ಹಾರ ಹಾಕಿದ ಭಾವಚಿತ್ರ. ಅದರ ಕೆಳಗೆ ದಪ್ಪ ಅಕ್ಷರಗಳಲ್ಲಿ ಅವರ ಹೆಸರು, ಬಕಾರದಿಂದ ಆರಂಭವಾಗಿ. ಮೇಲೆ 'ಶ್ರದ್ದಾಂಜಲಿ' ಎಂದು ದಕಾರಕ್ಕೆ ದಕಾರದ ಒತ್ತು. ಸತ್ತವರ ಪುಟದಲ್ಲಿಯೇ ಅವರ ಮಹಾಪ್ರಾಣ ಹೋಗಿತ್ತು. ಅವರ ಪತ್ನಿ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಮಡಿಲಲ್ಲಿ ಸಂಚಿಕೆ ತೆರೆದಿತ್ತು. ಅವರು ತಲೆಯೆತ್ತಲಿಲ್ಲ. ಸಂಪಾದಕ ಮಂಡಳಿಯ ಪಟ್ಟಿಯಲ್ಲಿ 'ಕರಡು ತಿದ್ದುಪಡಿ' ಎಂಬುದರ ಎದುರು ಇದ್ದುದು ನನ್ನ ಹೆಸರೊಂದೇ. ಊಟಕ್ಕೆ ನಿಲ್ಲದೆ ಬಸ್ಸು ಹತ್ತಿದೆ.

ಆ ಮೇಲಿನ ಮೂರು ತಿಂಗಳು ನನ್ನ ಜೀವನದ ಒಳ್ಳೆಯ ದಿನಗಳಲ್ಲ. ಕಣ್ಣು ಹೋಗುತ್ತಿದೆಯೆಂದು ಖಚಿತ ಮಾಡಿಕೊಂಡೆ. ನನ್ನ ತಂದೆಗೂ ಕೊನೆಯ ವರ್ಷಗಳಲ್ಲಿ ಓದಲು ಆಗುತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಹೇಳದೆ ದಾವಣಗೆರೆಗೆ ಹೋಗಿ ಕಣ್ಣಿನ ವೈದ್ಯರಿಗೆ ತೋರಿಸಿದೆ. ಪೊರೆ ಈಗಷ್ಟೇ ಶುರುವಾಗಿದೆ, ಶಸ್ತ್ರಚಿಕಿತ್ಸೆಯ ಕಾಲ ಬಂದಿಲ್ಲ, ಕನ್ನಡಕದ ಸಂಖ್ಯೆ ಸ್ವಲ್ಪ ಬದಲಾಗಿದೆ ಅಷ್ಟೇ ಎಂದರು. ಹೊಸ ಕನ್ನಡಕ ಬಂದಿತು. ಪತ್ರಿಕೆ ಸ್ಪಷ್ಟವಾಗಿ ಕಾಣುತ್ತಿತ್ತು, ಕಂಪ್ಯೂಟರ್ ಮಾತ್ರ ಮಸುಕು. ವೈದ್ಯರು ನನಗೆ ನಿಜ ಹೇಳುತ್ತಿಲ್ಲ ಎಂದುಕೊಂಡೆನೇ ಹೊರತು ಪತ್ರಿಕೆ ಸರಿಯಾಗಿ ಕಾಣುವ ಕಣ್ಣಿಗೆ ತೆರೆ ಏಕೆ ಕಾಣದು ಎಂದು ಯೋಚಿಸಲಿಲ್ಲ. ಬರೆಯುವುದನ್ನೇ ನಿಲ್ಲಿಸಿದೆ. ಕಂಪ್ಯೂಟರಿನ ಮೇಲೆ ನನ್ನ ಹೆಂಡತಿ ಒಂದು ಹಳೆಯ ಪಂಚೆ ಹೊದಿಸಿದಳು. ಏನು ಕಾರಣವೆಂದು ಅವಳೂ ಕೇಳಲಿಲ್ಲ.

2011ರ ಯುಗಾದಿಗೆ ನನ್ನ ತಂಗಿಯ ಮಗಳು ಬಂದಿದ್ದಳು. ಆಗ ಅವಳು ದಾವಣಗೆರೆಯಲ್ಲಿ ಡಿಪ್ಲೊಮಾ ಓದುತ್ತಿದ್ದಳು. ಹೋಳಿಗೆ ಊಟ ಮುಗಿಸಿ, ಪಂಚೆ ತೆಗೆದು ಕಂಪ್ಯೂಟರ್ ಹಚ್ಚಿದವಳೇ, "ಮಾವಾ, ಇದೇನು ಎಲ್ಲ ಅಡ್ಡಡ್ಡ ಊದಿಕೊಂಡಿದೆ?" ಎಂದು ನಕ್ಕಳು. ಆ ನಗು ಕೇಳಿ ನನಗೆ ಬಂದ ಧೈರ್ಯವನ್ನು ವರ್ಣಿಸಲಾರೆ. ಹದಿನೆಂಟರ ಕಣ್ಣಿಗೂ ಹಾಗೆಯೇ ಕಾಣುತ್ತಿದೆಯೆಂದಮೇಲೆ ದೋಷ ನನ್ನ ಕಣ್ಣಿನದಲ್ಲ!

ತೆರೆಯ ಖಾಲಿ ಜಾಗದಲ್ಲಿ ಇಲಿಯ ಬಲಗುಂಡಿ ಒತ್ತಿ, ಪ್ರಾಪರ್ಟೀಸ್, ಅದರಲ್ಲಿ ಸೆಟ್ಟಿಂಗ್ಸ್ ತೆರೆದಳು. ಅಲ್ಲಿ ಸ್ಕ್ರೀನ್ ರೆಸಲ್ಯೂಷನ್ ಎಂಬ ಜಾರುಗುಂಡಿ ಇತ್ತು. ಅದನ್ನು ಬಲಕ್ಕೆ ಎಳೆದರೆ 1024 ಇಂಟು 768ಕ್ಕೆ ನಿಂತುಬಿಟ್ಟಿತು, ಮುಂದೆ ಹೋಗಲಿಲ್ಲ. "ಇದು 1366 ಇಂಟು 768ರ ಮಾನಿಟರ್ ಮಾವ, ಅದು ಪಟ್ಟಿಯಲ್ಲೇ ಇಲ್ಲ. ಮಾನಿಟರ್ ತಾನು ಯಾರೆಂದು ಕಂಪ್ಯೂಟರಿಗೆ ಹೇಳುತ್ತಲೇ ಇಲ್ಲ" ಎಂದಳು. ಪೆಟ್ಟಿಗೆಯ ಹಿಂದೆ ತೂರಿ ನೀಲಿ ಮೂತಿಯ ಕೇಬಲನ್ನು ಬಿಚ್ಚಿ ತಂದು ಬೆಳಕಿಗೆ ಹಿಡಿದಳು. ಆ ವಿ.ಜಿ.ಎ. ಕೇಬಲಿನ ಮೂತಿಯಲ್ಲಿ ಮೂರು ಸಾಲಿನಲ್ಲಿ ಹದಿನೈದು ಸೂಜಿಗಳ ಸ್ಥಾನವಿದೆ. ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಒಂದೊಂದು. 12 ಮತ್ತು 15ನೆಯವು ಚಿತ್ರಕ್ಕಲ್ಲ. ಮಾನಿಟರ್ ತನ್ನ ಗುರುತನ್ನೂ ತನಗೆ ಸಲ್ಲುವ ಅಳತೆಗಳನ್ನೂ ಕಂಪ್ಯೂಟರಿಗೆ ತಿಳಿಸುವುದು ಅವುಗಳ ಮೂಲಕ. ನಮ್ಮದರಲ್ಲಿ 12ನೆಯದು ಮಲಗಿಕೊಂಡಿತ್ತು. ದೀಪಾವಳಿಗೆ ಸುಣ್ಣ ಹೊಡೆಸುವಾಗ ಮೇಜು ಸರಿಸಿ, ಕೇಬಲನ್ನು ಕಿತ್ತು ಮತ್ತೆ ಬಲವಂತದಿಂದ ತುರುಕಿದವನು ನಾನೇ. ಚಿತ್ರ ಬರುತ್ತಿದ್ದುದರಿಂದ ಅನುಮಾನವೇ ಬರಲಿಲ್ಲ. ಅವಳು ನನ್ನ ಮೇಜಿನ ಮೇಲಿದ್ದ ಖಾಲಿ ರೀಫಿಲ್ಲಿನ ಮೊನೆ ಕಿತ್ತು, ಆ ಕೊಳವೆಯನ್ನು ಸೂಜಿಗೆ ತೊಡಿಸಿ ನಿಧಾನವಾಗಿ ನೆಟ್ಟಗೆ ಮಾಡಿದಳು. (ನೀವು ಇದನ್ನು ಮಾಡುವುದಾದರೆ ವಿದ್ಯುತ್ ತೆಗೆದು ಮಾಡಿ. ಒಂಬತ್ತನೆಯ ಸೂಜಿ ಎಷ್ಟೋ ಕೇಬಲುಗಳಲ್ಲಿ ಇರುವುದೇ ಇಲ್ಲ, ಮುರಿದಿದೆಯೆಂದು ಗಾಬರಿಯಾಗಬೇಡಿ.)

ಈಗ ಪಟ್ಟಿಯಲ್ಲಿ 1360 ಇಂಟು 768 ಬಂದಿತು. 1366 ಅಲ್ಲ! ನಾನು ಕೇಳಿದೆ. 1366ನ್ನು ಎಂಟರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ, ಹಳೆಯ ಗ್ರಾಫಿಕ್ಸ್ ಚಿಪ್ಪುಗಳು ಹಲವು ಎಂಟರ ಗುಣಕಗಳನ್ನೇ ಒಪ್ಪುತ್ತವೆ ಎಂದಳು. ಮುಂದಿನ ಸಲ ಬರುವಾಗ ಹೊಸ ಡ್ರೈವರ್ ತಂದು ಅದನ್ನೂ ಸರಿಮಾಡಿದಳು. ಅಳತೆ ಬದಲಿಸಿದಾಗ ಎಕ್ಸ್‌ಪಿ, ಹೀಗೆಯೇ ಇರಲೇ ಎಂದು ಕೇಳಿ 15 ಸೆಕೆಂಡು ಕಾಯುತ್ತಿತ್ತು. ಉತ್ತರ ಕೊಡದಿದ್ದರೆ ತಾನೇ ಹಿಂದಿನ ಸ್ಥಿತಿಗೆ ಮರಳುತ್ತಿತ್ತು. ತೆರೆ ಪೂರ್ತಿ ಕಪ್ಪಾದರೂ ಹೆದರದೆ ಕೈಕಟ್ಟಿ ಕೂರಬೇಕೆಂದು ಅವಳಿಂದ ಕಲಿತೆ.

ಆಮೇಲೆ ನನ್ನ ಚೌಕಳಿ ಪುಸ್ತಕವನ್ನೇ ತೆಗೆದುಕೊಂಡು ನನಗೆ ಪಾಠ ಮಾಡಿದಳು. ಹಳೆಯ ಗಾಜಿನ ಮಾನಿಟರಿನಲ್ಲಿ ಚಿತ್ರ ಬರೆಯುವುದು ಒಂದು ಕಿರಣ. ಅದು ಸಾಲುಗಳನ್ನು ಹತ್ತಿರವೂ ಎಳೆಯಬಲ್ಲದು, ದೂರವೂ ಎಳೆಯಬಲ್ಲದು. ಆದ್ದರಿಂದ 800 ಇಂಟು 600 ಆದರೂ, 1024 ಇಂಟು 768 ಆದರೂ ಅದಕ್ಕೆ ಒಂದೇ. ಚಪ್ಪಟೆ ಮಾನಿಟರಿನಲ್ಲಿ ಮನೆಗಳು ಮೊದಲೇ ಕಟ್ಟಿ ಮುಗಿದಿವೆ: ಅಡ್ಡಕ್ಕೆ 1366, ಉದ್ದಕ್ಕೆ 768, ಒಟ್ಟು 10,49,088. ನಾನು ಅದಕ್ಕೆ ಕೊಡುತ್ತಿದ್ದುದು 4,80,000 ಚುಕ್ಕೆಗಳ ಚಿತ್ರ. ಅಡ್ಡಕ್ಕೆ ಪ್ರತಿ ಚುಕ್ಕೆಗೂ ಸುಮಾರು 1.71 ಮನೆ, ಉದ್ದಕ್ಕೆ 1.28 ಮನೆ. ಅಡ್ಡ ಮತ್ತು ಉದ್ದಗಳು ಸಮನಾಗಿ ಹಿಗ್ಗದೆ ಎಲ್ಲವೂ ಮೂರನೆಯ ಒಂದು ಪಾಲು ಅಗಲವಾಯಿತು. ಮೊಮ್ಮಗನ ಬೊಜ್ಜಿನ ರಹಸ್ಯ ಇಷ್ಟೇ. ಇನ್ನು ಒಂದು ಮನೆಯನ್ನು ಕಾಲುಭಾಗ ಮಾತ್ರ ತುಂಬಲು ಬರುವುದಿಲ್ಲವಾದ್ದರಿಂದ ಯಂತ್ರ ಕಪ್ಪನ್ನೂ ಬಿಳಿಯನ್ನೂ ಕಲಸಿ ಬೂದು ಬಣ್ಣ ಹಚ್ಚುತ್ತದೆ. ಅದೇ ಮಸುಕು.

ಇಂಗ್ಲಿಷಿಗೆ ಇದರಿಂದ ಆಗುವ ನಷ್ಟ ಕಡಿಮೆ, ನಮಗೆ ಹೆಚ್ಚು. 12 ಪಾಯಿಂಟಿನ ಅಕ್ಷರಕ್ಕೆ ವಿಂಡೋಸ್‌ನ ಸಾಮಾನ್ಯ ಲೆಕ್ಕದಲ್ಲಿ ದೊರಕುವ ಎತ್ತರ ಕೇವಲ 16 ಚುಕ್ಕೆ. ತಲೆಕಟ್ಟು, ಗುಡಿಸು, ಮೂಲಾಕ್ಷರ, ಒತ್ತು ಎಲ್ಲವೂ ಅಷ್ಟರಲ್ಲಿ ಸಂಸಾರ ಮಾಡಬೇಕು. ಬಕಾರವನ್ನು ಭಕಾರ ಮಾಡುವ ಸೀಳಿಗೆ ಉಳಿಯುವುದು ಎರಡೋ ಮೂರೋ ಚುಕ್ಕೆ. ಒತ್ತಕ್ಷರದ ಧಕಾರದಲ್ಲಿಯಂತೂ ಅದಕ್ಕಿಂತ ಕಡಿಮೆ. ಆ ಚುಕ್ಕೆಗಳು ಬೂದಿಯಾದರೆ ಅಕ್ಷರವೇ ಬೇರೆ. ಇನ್ನೊಂದು ಸೋಜಿಗವೂ ಆಗ ತಿಳಿಯಿತು. ನುಡಿಯ ಹಳೆಯ ಅಕ್ಷರ ವಿನ್ಯಾಸದಲ್ಲಿ ಭ, ಧ, ಢ, ಫಗಳ ಈ ಸೀಳು ಒಂದು ಪ್ರತ್ಯೇಕ ತುಂಡು; ಇಂಗ್ಲಿಷಿನ ಎಸ್ ಅಕ್ಷರದ ಸ್ಥಾನದಲ್ಲಿ ಅದನ್ನು ಇಟ್ಟಿದ್ದಾರೆ. ನುಡಿ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದಾಗ ಕಾಣುವ ಚಿತ್ರವಿಚಿತ್ರ ಗುರುತುಗಳ ನಡುವೆ ಆ ಎಸ್ ಇಣುಕುವುದನ್ನು ನೀವೂ ನೋಡಿರಬಹುದು.

ಅಕ್ಷರಗಳು ಸಣ್ಣವಾದುವಲ್ಲ ಎಂಬ ನನ್ನ ಹಳೆಯ ಆಕ್ಷೇಪಕ್ಕೂ ಅವಳಲ್ಲಿ ಉತ್ತರವಿತ್ತು. ಚುಕ್ಕೆಗಳನ್ನು ಕಡಿಮೆ ಮಾಡಬಾರದು, ಒಂದು ಅಕ್ಷರಕ್ಕೆ ಹೆಚ್ಚು ಚುಕ್ಕೆ ಕೊಡಬೇಕು. ಅದೇ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್‌ನಲ್ಲಿ ಡಿ.ಪಿ.ಐ.ಯನ್ನು 96ರಿಂದ 120ಕ್ಕೆ ಏರಿಸಿದಳು. ಅಪಿಯರೆನ್ಸ್‌ನಲ್ಲಿ ಎಫೆಕ್ಟ್ಸ್ ತೆರೆದು ಕ್ಲಿಯರ್‌ಟೈಪ್ ಆರಿಸಿದಳು. ಅಕ್ಷರಗಳು ದೊಡ್ಡವೂ ಆದವು, ಅಂಚುಗಳು ಅಚ್ಚಿನಂತೆ ನಿಂತವು.

ಅವಳು ಹಿತ್ತಲಿಗೆ ಹೋದ ಮೇಲೆ ಪೆನ್‌ಡ್ರೈವ್ ಹಾಕಿ ಸ್ಮರಣ ಸಂಚಿಕೆಯ ಆ ಪುಟವನ್ನು ತೆರೆದೆ. ಬಕಾರ ಬಕಾರವಾಗಿಯೇ ಕಾಣುತ್ತಿತ್ತು. ಶಿಫ್ಟ್ ಕೀಲಿಯನ್ನು ಒತ್ತದೆ ಬಿಟ್ಟವರು ಬೆರಳಚ್ಚಿನವರು, ನಿಜ, ಹಿಡಿಯಬೇಕಾದವನು ನಾನು. ಮಸುಕಾದ ತೆರೆಯ ಮೇಲೆ ಹೊರಿಸಿ ಪಾರಾಗಬಹುದೆಂದು ಒಂದು ಕ್ಷಣ ಅನ್ನಿಸಿತು. ಆದರೆ ಅದೇ ತೆರೆಯ ಮೇಲೆ, ಅದೇ ರಾತ್ರಿಗಳಲ್ಲಿ, ಪರಿಚಯವಿಲ್ಲದವರ ಹೆಸರುಗಳ ಎಷ್ಟೋ ತಪ್ಪುಗಳನ್ನು ನಾನು ಹಿಡಿದಿದ್ದೆ. ಅನುಮಾನ ಬಂದ ಕಡೆ ಮೂಗು ತಾಗುವಷ್ಟು ಬಾಗಿ ನೋಡಿದ್ದೆ. ಈ ಹೆಸರಿನಲ್ಲಿ ನನಗೆ ಅನುಮಾನವೇ ಬರಲಿಲ್ಲ. ತೆರೆಯ ಮೇಲಿದ್ದುದನ್ನು ಓದದೆ ನನ್ನ ಮನಸ್ಸಿನಲ್ಲಿದ್ದುದನ್ನು ಓದಿಕೊಂಡು ಮುಂದೆ ಹೋಗಿದ್ದೆ. ಕಾಗದದ ಮೇಲೆ ಮುದ್ರಿಸಿ ತರಲೇ ಎಂದು ಅವರು ಕೇಳಿಯೂ ಇದ್ದರು.

ಮರುವಾರ ಆ ಪುಟವನ್ನು ಸರಿಪಡಿಸಿ ಮುದ್ರಿಸಿಕೊಂಡು ಮುಖ್ಯೋಪಾಧ್ಯಾಯರ ಮನೆಗೆ ಹೋದೆ. ಅಮ್ಮನವರು ಚಹಾ ಕೊಟ್ಟರು. ನಾನು ಮಾನಿಟರ್, ಕೇಬಲ್, ಚುಕ್ಕೆ ಎಂದು ಏನೇನೋ ಆರಂಭಿಸಿದೆ. ಅವರು ಕೇಳುವಷ್ಟು ಕೇಳಿ, ಎದ್ದು ಹೋಗಿ ತಮ್ಮ ಪ್ರತಿಯನ್ನು ತಂದರು. ಬಕಾರದ ಕೆಳಗೆ ನೀಲಿ ಬಾಲ್‌ಪೆನ್ನಿನಲ್ಲಿ ಒಂದು ಗೀಟು ಇತ್ತು. "ಅವತ್ತೇ ಕೂತಲ್ಲೇ ಹಾಕ್ಕೊಂಡೆ ಮೇಷ್ಟ್ರೇ. ನಿಮ್ಮ ಹೆಸರು ನೋಡಿ ಆಶ್ಚರ್ಯ ಆಯ್ತು. ಆಮೇಲೆ ನೀವು ಊಟಕ್ಕೂ ನಿಲ್ಲಲಿಲ್ಲ ಅಂತ ಕೇಳಿ ಅದಕ್ಕೇ ಹೆಚ್ಚು ಬೇಜಾರಾಯ್ತು" ಎಂದರು. ನಾನು ತಂದ ಹಾಳೆಯನ್ನು ತೆಗೆದುಕೊಂಡು ಅದೇ ಪುಟದ ನಡುವೆ ಇಟ್ಟರು. 'ಶ್ರದ್ದಾಂಜಲಿ'ಯ ಒತ್ತನ್ನು ಅವರು ಗಮನಿಸಿರಲಿಲ್ಲ, ನಾನೂ ಹೇಳಲಿಲ್ಲ.

ಪುಣೆಯವಳಿಗೆ ಇಷ್ಟನ್ನೂ ಫೋನಿನಲ್ಲಿ ಹೇಳಲಾಗಲಿಲ್ಲ, ಕೆಲಸದ ಮಾತು ಮಾತ್ರ ಹೇಳಿದೆ. ಸೆಟ್ಟಿಂಗ್ಸ್‌ನ ಸಿಸ್ಟಮ್‌ನಲ್ಲಿ ಡಿಸ್‌ಪ್ಲೇ ತೆರೆಯಬೇಕು. ಡಿಸ್‌ಪ್ಲೇ ರೆಸಲ್ಯೂಷನ್ನಿನಲ್ಲಿ 'ರೆಕಮೆಂಡೆಡ್' ಎಂದು ಬರೆದದ್ದನ್ನೇ ಆರಿಸಬೇಕು. ಅವಳ ಮಾನಿಟರಿಗೆ ಅದು 3840 ಇಂಟು 2160. ಅಕ್ಷರ ದೊಡ್ಡದಾಗಲು ಅದರ ಮೇಲಿರುವ ಸ್ಕೇಲ್ ಎಂಬುದನ್ನು 150 ಮಾಡಬೇಕು, ಸಾಲದಿದ್ದರೆ 175. ಜೋಡಿಸಿಕೊಟ್ಟವರು ಅದನ್ನು 100ರಲ್ಲಿ ಬಿಟ್ಟು ಹೋಗಿದ್ದರಂತೆ. ಅರ್ಧ ಗಂಟೆಯಲ್ಲಿ ಮತ್ತೆ ಫೋನ್ ಬಂದಿತು. "ಸಾರ್, ಸರಿ ಹೋಯ್ತು. ಕನ್ನಡಕದ ದುಡ್ಡು ಉಳೀತು" ಎಂದಳು. ಅವಳ ಗಂಡ ಹಿಂದಿನಿಂದ, ಟಿ.ವಿ.ಗೆ ಲ್ಯಾಪ್‌ಟಾಪ್ ಜೋಡಿಸಿದರೆ ನಾಲ್ಕೂ ಅಂಚು ಕತ್ತರಿಸಿ ಹೋಗುತ್ತದಲ್ಲ, ಅದಕ್ಕೇನು ಮಾಡಬೇಕೆಂದು ಕೇಳಿದರು. ಅದು ಹಳೆಯ ಟಿ.ವಿ.ಗಳ ಕಾಲದಿಂದ ಬಂದ ಅಭ್ಯಾಸ, ಕಂಪ್ಯೂಟರಿನಲ್ಲಿ ಹುಡುಕಬೇಡಿ, ಟಿ.ವಿ.ಯ ರಿಮೋಟಿನಲ್ಲಿ ಪಿಕ್ಚರ್ ಸೈಜ್ ತೆರೆದು 'ಸ್ಕ್ರೀನ್ ಫಿಟ್' ಅಥವಾ 'ಜಸ್ಟ್ ಸ್ಕ್ಯಾನ್' ಎಂಬುದನ್ನು ಆರಿಸಿ ಎಂದೆ. ಒಂದೊಂದು ಕಂಪನಿಯವರು ಒಂದೊಂದು ಹೆಸರಿಟ್ಟಿದ್ದಾರೆ. ಸಿಗದಿದ್ದರೆ ಭಾನುವಾರ ಬೆಳಿಗ್ಗೆ ಫೋನ್ ಮಾಡಿ, ತೋಟಕ್ಕೆ ಹೋಗುವುದರೊಳಗೆ ಸಿಗುತ್ತೇನೆ.